ಮಡಚಿದ ಬಿಸಿಲು ಯಾರ ಚೀಲದಲ್ಲಿದೆ?

ಜಾಹೀರಾತಿನಲ್ಲಿ ಅದು ಯಾವಾಗಲೂ ಕಡಲ ಬದಿಯಲ್ಲೇ ಇರುತ್ತದೆ. ಒಂದು ಟೆಂಟು, ಎರಡು ಕುರ್ಚಿ, ಮರಳಿನ ಮೇಲೆ ಪುಸ್ತಕದಂತೆ ಬಿಚ್ಚಿಟ್ಟ ಕಪ್ಪು ಸೌರ ಫಲಕ, ಪಕ್ಕದಲ್ಲಿ ಹಿಡಿಕೆಯಿರುವ ಬ್ಯಾಟರಿ ಪೆಟ್ಟಿಗೆ, ಅದಕ್ಕೆ ಜೋಡಿಸಿದ ಕಾಫಿ ಯಂತ್ರ. ಕಂಪನಿ ಯಾವುದೇ ಇರಲಿ, ಜೊತೆಗಿರುವ ಮಾತಿನ ಸಾರ ಒಂದೇ: ಇನ್ನು ನಿಮಗೆ ಕರೆಂಟು ಕಂಬದ ಹಂಗಿಲ್ಲ, ನೀವು ಸ್ವತಂತ್ರರು. ಡಿಸೆಂಬರ್ ಬಂತೆಂದರೆ ಗೋಕರ್ಣದ ಬೀಚುಗಳಿಂದ ಮಾಜಾಳಿಯಾಚೆಯ ತಿಳಮಾತಿಯವರೆಗೆ ಈ ಚಿತ್ರವನ್ನು ಕಣ್ಣಾರೆ ನೋಡಬಹುದು. ಪರವೂರಿನ ಕಾರುಗಳ ಡಿಕ್ಕಿಯಿಂದ ಫಲಕಗಳು ಹೊರಬರುತ್ತವೆ, ದಿನವಿಡೀ ಬಿಸಿಲು ಕುಡಿಯುತ್ತವೆ, ಸಂಜೆಗೆ ಮಡಚಿಕೊಂಡು ಚೀಲ ಸೇರುತ್ತವೆ.

ಆರು ತಿಂಗಳು ಬಿಟ್ಟು ಅದೇ ತಾಲ್ಲೂಕುಗಳಿಗೆ ಬನ್ನಿ. ಜುಲೈನ ಒಂದು ವಾರದ ಮಳೆಯಲ್ಲಿ ಕಾಳಿ ಮತ್ತು ಗಂಗಾವಳಿಯ ದಂಡೆಯ ಊರುಗಳು ಕತ್ತಲಲ್ಲಿ ಕೂತಿರುತ್ತವೆ. ಇಡೀ ಕೇರಿಯಲ್ಲಿ ಯಾರ ಫೋನಿನಲ್ಲಿ ಚಾರ್ಜ್ ಉಳಿದಿದೆ ಎಂದು ಮನೆಮನೆ ಕೇಳಿಕೊಂಡು ಹೋಗುತ್ತಾರೆ. ಆಗ ಮಡಚುವ ಫಲಕ ಒಂದೂ ಕಣ್ಣಿಗೆ ಬೀಳುವುದಿಲ್ಲ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಈ ವಸ್ತು ಕಾರವಾರ, ಅಂಕೋಲೆಗೆ ಬರಬೇಕಾದ್ದೇ. ಆದರೆ ತಪ್ಪು ತಿಂಗಳಲ್ಲಿ, ತಪ್ಪು ಚೀಲದಲ್ಲಿ ಬರುತ್ತಿದೆ. ಅದನ್ನು ಒಬ್ಬೊಬ್ಬರ ಸ್ವಾತಂತ್ರ್ಯದ ಸಾಧನವೆಂದು ಮಾರುವ ಮಾರುಕಟ್ಟೆಯೂ, ಸೌರ ವಿದ್ಯುತ್ತೆಂದರೆ ಸ್ವಂತ ಮನೆಯ ಚಾವಣಿ ಮಾತ್ರ ಎಂದು ತಿಳಿದಿರುವ ಸರಕಾರವೂ ಒಂದೇ ತಪ್ಪು ಮಾಡುತ್ತಿವೆ. ಇಬ್ಬರಿಗೂ ಕಾಣುವುದು ಮನೆ, ಊರಲ್ಲ. ಮಡಚುವ ಸೌರ ಫಲಕ ಊರಿನ ಸಾಮಾನಾಗಬೇಕು ಎಂಬುದು ನನ್ನ ವಾದ.

ಮೊದಲು ವಸ್ತುವಿನ ಬಗ್ಗೆ ಪ್ರಾಮಾಣಿಕವಾಗಿ ಮಾತಾಡೋಣ. ಅದನ್ನು ಹೊಗಳುವವರೂ ತೆಗಳುವವರೂ ಲೆಕ್ಕ ಹೇಳುವುದು ಕಡಿಮೆ. ನಾನು ಈ ಜಿಲ್ಲೆಯ ಸ್ಥಳಾಂತರದ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಧ್ವನಿಮುದ್ರಣ ಯಂತ್ರ ಮತ್ತು ಲ್ಯಾಪ್‌ಟಾಪ್ ಜೀವಂತ ಇಡಲೆಂದು 100 ವ್ಯಾಟ್‌ನ ಒಂದು ಫಲಕ ಕೊಂಡುಕೊಂಡೆ. ಆ 100 ವ್ಯಾಟ್ ಎಂಬುದು ಪ್ರಯೋಗಾಲಯದ ಸಂಖ್ಯೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಫಲಕದ ಬಿಸಿ 25 ಡಿಗ್ರಿಯಲ್ಲೇ ನಿಂತರೆ ಮಾತ್ರ ಅಷ್ಟು ಸಿಗುತ್ತದೆ. ಅಂಕೋಲೆಯ ಏಪ್ರಿಲ್‌ನಲ್ಲಿ ಕಪ್ಪು ಫಲಕ 60 ಡಿಗ್ರಿಗೆ ಕಾಯುತ್ತದೆ, ಪ್ರತಿ ಡಿಗ್ರಿಗೂ ಒಂದಿಷ್ಟು ಶಕ್ತಿ ಸೋರುತ್ತದೆ. ಅಂಗಳದಲ್ಲಿ ಸೂರ್ಯನಿಗೆ ಸರಿಯಾಗಿ ಮುಖಮಾಡಿ ಇಟ್ಟರೂ ನನಗೆ ಕಂಡದ್ದು 65ರಿಂದ 70 ವ್ಯಾಟ್. ದಿನಕ್ಕೆ ಐದೂವರೆ ತಾಸಿನ ಒಳ್ಳೆಯ ಬಿಸಿಲೆಂದು ಹಿಡಿದರೆ ಸುಮಾರು 370 ವ್ಯಾಟ್-ತಾಸು, ಅಂದರೆ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್‌ನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಜುಲೈನ ಮೋಡದಡಿ ಅದೇ ಫಲಕ ಹತ್ತು, ಹದಿನೈದು ವ್ಯಾಟ್‌ಗೆ ಇಳಿಯುತ್ತದೆ. ಜಡಿಮಳೆ ಹಿಡಿದ ದಿನ ಅದೂ ಇಲ್ಲ.

ಇನ್ನೊಂದು ಸತ್ಯ: ಅದೇ ವ್ಯಾಟ್‌ನ ಗಾಜಿನ ಫಲಕಕ್ಕಿಂತ ಮಡಚುವ ಫಲಕ ಹಲವು ಪಟ್ಟು ದುಬಾರಿ. ಬಾಳಿಕೆಯೂ ಕಡಿಮೆ. ಗಾಜಿನ ಫಲಕ ಇಪ್ಪತ್ತೈದು ವರ್ಷ ಚಾವಣಿಯ ಮೇಲೆ ಮಲಗಿರಬಲ್ಲದು. ಬಟ್ಟೆಯ ಮಡಿಕೆಯಲ್ಲಿ ಹೊಲಿದದ್ದು ಮಡಚಿದಷ್ಟೂ ಸವೆಯುತ್ತದೆ, ಕಡಲಿನ ಉಪ್ಪು ಗಾಳಿಗೆ ಅದರ ಜೋಡಣೆಗಳು ತುಕ್ಕು ಹಿಡಿಯುತ್ತವೆ. ಬ್ಯಾಟರಿ ಪೆಟ್ಟಿಗೆಯೂ ಸೇರಿದರೆ ಖರ್ಚು ಒಂದು ಕರೆಯುವ ಎಮ್ಮೆಯ ಬೆಲೆಗೆ ಬರುತ್ತದೆ. ಹಾಗಾದರೆ ಅದರ ಗುಣವೇನು? ಒಂದೇ ಒಂದು: ಅದನ್ನು ಎತ್ತಿಕೊಂಡು ಹೋಗಬಹುದು. ಟೆಂಟಿನವರಿಗೆ ಇದು ಅನುಕೂಲ. ಈ ಜಿಲ್ಲೆಯವರಿಗೆ ಅದರ ಅರ್ಥವೇ ಬೇರೆ.

ಏಕೆಂದರೆ ಮಡಚಿ ಎತ್ತಿಕೊಂಡು ಹೋಗುವುದು ಇಲ್ಲಿನ ಜನರಿಗೆ ಹೊಸದಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದಾಗ ಎದ್ದರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಕಾರವಾರ, ಅಂಕೋಲೆಯ ಕಡಲಂಚಿನ ಸಾವಿರಾರು ಕುಟುಂಬಗಳು ಎದ್ದವು. ಹೀಗೆ ಎದ್ದು ಜಾಗ ಕೊಟ್ಟದ್ದರಲ್ಲಿ ದೊಡ್ಡ ಪಾಲು ಬೆಳಕಿಗಾಗಿಯೇ. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ಘಟಕಗಳಿವೆ. ಅದರ ಮೊದಲ ಘಟಕ 2018ರ ಡಿಸೆಂಬರ್ 31ರಂದು ನಿಲ್ಲುವ ಮೊದಲು 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಕದ್ರಾದಲ್ಲಿ 150 ಮೆಗಾವ್ಯಾಟ್, ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್ ಜಲವಿದ್ಯುತ್ತಿನ ಸಾಮರ್ಥ್ಯ. 962 ದಿನ ಎಡೆಬಿಡದೆ ಕರೆಂಟು ಹುಟ್ಟಿದ ಆ ತಾಲ್ಲೂಕಿನಲ್ಲಿ ಒಂದು ಮಳೆಗಾಲವನ್ನಾದರೂ ಎಡೆಬಿಡದೆ ಬೆಳಕು ಕಂಡ ಹಳ್ಳಿ ಯಾವುದು?

ಇದು ಹೆಸ್ಕಾಂ ಲೈನ್‌ಮನ್‌ಗಳ ಮೇಲಿನ ದೂರಲ್ಲ. ಸೊಂಟದ ನೀರಿನಲ್ಲಿ ನಿಂತು, ಬಿದ್ದ ಮರ ಕಡಿದು, ಕಂಬ ಹತ್ತುವವರು ಅವರೇ. ತಂತಿ ಹಾದುಹೋಗುವುದು ಕಾಡಿನ ನಡುವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಮರ ಬೀಳುವುದು ಸಹಜ. ನೀರು ಮನೆಯೊಳಗೆ ನುಗ್ಗಿದಾಗ ಕರೆಂಟು ತೆಗೆಯಲೇಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕದ್ರಾ ಜಲಾಶಯದ ಗೇಟು ತೆರೆದು ಕಾಳಿಯ ಕೆಳದಂಡೆ ಮುಳುಗಿದಾಗ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಕರಾವಳಿಯುದ್ದಕ್ಕೂ ಕಂಬಗಳು ಉರುಳಿದಾಗ, ಅದೇ ಜುಲೈನಲ್ಲಿ ಕಾಳಿ, ಗಂಗಾವಳಿ ಎರಡೂ ಮತ್ತೆ ಉಕ್ಕಿದಾಗ, ಕತ್ತಲು ಬಂದದ್ದು ಯಾರೋ ಒಬ್ಬರ ಅಸಡ್ಡೆಯಿಂದಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ, ಗಂಗಾವಳಿಯ ಒಡಲಿಗೆ ಕುಸಿದು, ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿದ್ದನ್ನು ನಾವು ಮರೆತಿಲ್ಲ. ಮೂರು ವಾರದ ನಂತರ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ನದಿಗೆ ಕುಸಿಯಿತು.

ಹಾಗಾಗಿ ಕರೆಂಟು ಹೋಗುತ್ತದೆ ಎಂಬುದನ್ನು ಇಲ್ಲಿ ಮಳೆಗಾಲದ ಒಂದು ಲಕ್ಷಣವೆಂದೇ ಹಿಡಿಯಬೇಕು. ಹೋದ ಮೇಲಿನ ಮೊದಲ ಮೂರು ದಿನಕ್ಕೆ ಊರಿನಲ್ಲಿ ಏನಿದೆ ಎಂಬುದೇ ಪ್ರಶ್ನೆ. ಆ ಮೂರು ದಿನದ ಅಗತ್ಯ ಫ್ರಿಜ್ಜೂ ಅಲ್ಲ, ಗ್ರೈಂಡರೂ ಅಲ್ಲ. ದೋಣಿ ಕರೆಯಲು ಒಂದು ಫೋನು, ಕೊಟ್ಟಿಗೆಯಿಂದ ದನ ಬಿಚ್ಚಲು ಒಂದು ದೀಪ, ಉಬ್ಬಸದ ಅಜ್ಜನಿಗೆ ನೆಬ್ಯುಲೈಸರ್, ಕಾಳಜಿ ಕೇಂದ್ರದಲ್ಲಿ ಹಸುಗೂಸಿನ ತಾಯಿಗೆ ರಾತ್ರಿ ಒಂದು ಬಲ್ಬು. ಇವು ದೊಡ್ಡ ವಿದ್ಯುತ್ ಕೇಳುವ ಸಂಗತಿಗಳಲ್ಲ. ಮಡಚುವ ಫಲಕ ಮತ್ತು ಬ್ಯಾಟರಿ ಪೆಟ್ಟಿಗೆ ಪೂರೈಸಬಲ್ಲ ಅಗತ್ಯಗಳೇ ಇವು.

ಸರಕಾರ ಇದಕ್ಕೆ ಕೊಡುವ ಉತ್ತರ ಏನು? ಪಿಎಂ ಸೂರ್ಯಘರ್. 2024ರ ಫೆಬ್ರವರಿಯಲ್ಲಿ ಬಂದ ಯೋಜನೆ. ಚಾವಣಿಯ ಮೇಲೆ ಮೂರು ಕಿಲೋವ್ಯಾಟ್ ಹಾಕಿಸಿದರೆ 78 ಸಾವಿರ ರೂಪಾಯಿ ಸಬ್ಸಿಡಿ. ಬಿಲ್ಲು ಉಳಿಸಲು ಇದು ಒಳ್ಳೆಯ ಯೋಜನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇದರ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೌರ ಚಾವಣಿ, ಗ್ರಿಡ್ ಸತ್ತ ಕ್ಷಣ ತಾನೂ ಆರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ನಿಮ್ಮ ಮನೆಯ ಕರೆಂಟು ತಂತಿಯ ಮೂಲಕ ಹಿಂದಕ್ಕೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ. ನಿಯಮ ಸರಿಯಾಗಿದೆ. ಆದರೆ ಪರಿಣಾಮ ನೋಡಿ: ಎರಡು ಲಕ್ಷದ ಆಸುಪಾಸು ಸುರಿದು ಸೂರ್ಯನನ್ನೇ ಮನೆಯ ಮೇಲೆ ಕೂರಿಸಿಕೊಂಡವರೂ ಕಂಬ ಬಿದ್ದ ದಿನ ಮೇಣದಬತ್ತಿ ಹುಡುಕಬೇಕು. ಜೊತೆಗೆ ಬ್ಯಾಟರಿ ಇದ್ದರೆ ಮಾತು ಬೇರೆ. ಆದರೆ ಸಬ್ಸಿಡಿಯ ಲೆಕ್ಕವಿರುವುದು ಫಲಕದ ಕಿಲೋವ್ಯಾಟ್‌ಗೆ, ಬ್ಯಾಟರಿಗೆ ಅಲ್ಲ.

ತೆರಿಗೆಯೂ ಹಾಗೇ. 2025ರ ಸೆಪ್ಟೆಂಬರ್ 22ರಿಂದ ಸೌರ ಫಲಕದ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಲಿಥಿಯಂ ಬ್ಯಾಟರಿಯ ಮೇಲಿನ 18 ಹಾಗೇ ಉಳಿಯಿತು. ಬಿಸಿಲು ಅಗ್ಗವಾಯಿತು, ಬಿಸಿಲನ್ನು ರಾತ್ರಿಗೆ ಎತ್ತಿಡುವುದು ಆಗಲಿಲ್ಲ. ಮಳೆನಾಡಿನವರಿಗೆ ಬೇಕಾದದ್ದು ಎರಡನೆಯದು.

ಇನ್ನು ಆ ಚಾವಣಿ ಯಾರದು? ಮುಕ್ಕಾಲು ಪಾಲಿಗಿಂತ ಹೆಚ್ಚು ಅರಣ್ಯವೇ ಇರುವ ಜಿಲ್ಲೆ ಇದು. ತಲೆಮಾರುಗಳಿಂದ ಕೂತ ಜಾಗಕ್ಕೆ ಪಟ್ಟಾ ಇಲ್ಲದ, ಅರಣ್ಯ ಹಕ್ಕು ಕಾಯ್ದೆ ಬಂದ 2006ರಿಂದ ಅರ್ಜಿ ಹಿಡಿದು ಓಡಾಡುತ್ತಿರುವ ಮನೆಗಳು ಎಷ್ಟಿಲ್ಲ? ಕಾಗದದಲ್ಲಿ ಅವು ಅತಿಕ್ರಮಣ. ಇನ್ನೊಂದಿಷ್ಟು ಬಾಡಿಗೆಯ ಮನೆಗಳು, ಮೀನುಗಾರರ ತಗಡಿನ ಮನೆಗಳು, ಮಣ್ಣಿನ ಗೋಡೆಯ ಮೇಲೆ ಹಳೆಯ ಹಂಚು ಹೊತ್ತ ಮನೆಗಳು. ಕಬ್ಬಿಣದ ಚೌಕಟ್ಟು, ಗಾಜಿನ ಭಾರ ಅವು ತಾಳುವುದಿಲ್ಲ. ಗೃಹಜ್ಯೋತಿ ಬಂದ 2023ರಿಂದ 200 ಯೂನಿಟ್‌ವರೆಗೆ ಬಿಲ್ಲು ಸೊನ್ನೆ. ಅದು ಬಡವರಿಗೆ ನಿಜವಾದ ಉಪಕಾರ, ಅದನ್ನು ಹಂಗಿಸುವವರ ಸಾಲಿನಲ್ಲಿ ನಾನಿಲ್ಲ. ಆದರೆ ತಂತಿಯೇ ನೆಲದ ಮೇಲಿರುವಾಗ ಸೊನ್ನೆಯ ಬಿಲ್ಲು ಯಾರ ಮುಖಕ್ಕೂ ಬೆಳಕು ಹಿಡಿಯುವುದಿಲ್ಲ.

ಈಗ ಮಾರುಕಟ್ಟೆಯ ಉತ್ತರಕ್ಕೆ ಬರೋಣ. ಸರಕಾರವನ್ನು ನಂಬಬೇಡಿ, ನಿಮ್ಮ ಬೆಳಕು ನೀವೇ ಕೊಂಡುಕೊಳ್ಳಿ ಎನ್ನುತ್ತದೆ ಅದು. ಈ ಮಾತು ನಮಗೆ ಬಹಳ ಹಳೆಯದು. ಸಾರ್ವಜನಿಕ ನಲ್ಲಿಯ ನೀರು ಕೆಟ್ಟಿತು, ಉಳ್ಳವರು ಕ್ಯಾನು ತರಿಸಿದರು, ನಲ್ಲಿಯನ್ನು ಕೇಳುವವರಿಲ್ಲವಾಯಿತು. ಸರಕಾರಿ ಶಾಲೆಯಿಂದ ಮೇಷ್ಟ್ರ ಮಕ್ಕಳೇ ಎದ್ದುಹೋದರು, ಶಾಲೆಯ ಸೋರುವ ಮಾಡಿನ ಬಗ್ಗೆ ಅರ್ಜಿ ಬರೆಯುವವರು ಕಡಿಮೆಯಾದರು. ಕರೆಂಟಿನಲ್ಲೂ ಅದೇ ಆಗುತ್ತದೆ. ಊರಿನಲ್ಲಿ ಹೆಸ್ಕಾಂ ಕಚೇರಿಗೆ ಫೋನು ಮಾಡುವ, ಪತ್ರಿಕೆಗೆ ಬರೆಯುವ, ಶಾಸಕರನ್ನು ತಡೆದು ಕೇಳುವ ಶಕ್ತಿ ಇರುವುದು ಹತ್ತು ಮನೆಗೆ. ಆ ಹತ್ತೂ ಮನೆಯಲ್ಲಿ ಬ್ಯಾಟರಿ ಪೆಟ್ಟಿಗೆ ಕೂತರೆ ಉಳಿದ ನೂರು ಮನೆಯ ಕತ್ತಲು ಸುದ್ದಿಯಾಗುವುದಿಲ್ಲ. ಕಂಬ ನಿಲ್ಲಿಸಲು ಎರಡು ದಿನ ಸಾಕಾಗುವ ಕಡೆ ಐದು ದಿನ ಹಿಡಿದರೂ ಯಾರೂ ಕೂಗುವುದಿಲ್ಲ. ಸ್ವಂತ ಬ್ಯಾಟರಿ ತಪ್ಪೆಂದು ಹೇಳುತ್ತಿಲ್ಲ. ಅದು ಊರಿನ ದನಿಯನ್ನು ಒಂದೊಂದೇ ಮನೆಯಾಗಿ ಸುಮ್ಮನಾಗಿಸುತ್ತದೆ ಎಂಬುದು ನನ್ನ ಭಯ.

ಬಿಡುಗಡೆ ಎಂಬ ಆ ಜಾಹೀರಾತಿನ ಪದದ ಬಗ್ಗೆ ಕಾರವಾರಕ್ಕೆ ಒಂದು ಮಾತು ಹೇಳುವ ಅಧಿಕಾರವಿದೆ. 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ ತರುಣ ರವೀಂದ್ರನಾಥ ಟ್ಯಾಗೋರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಲೋಕದ ಎಲ್ಲ ಹಂಗು ಕಡಿದುಕೊಂಡೆನೆಂದು ಬೀಗುವ ಒಬ್ಬ ಸನ್ಯಾಸಿ ಅದರ ನಾಯಕ. ಅವನನ್ನು ಮತ್ತೆ ಲೋಕಕ್ಕೆ ಎಳೆಯುವವಳು ದಿಕ್ಕಿಲ್ಲದ ಒಂದು ಪುಟ್ಟ ಹುಡುಗಿ. ಇಂದು ಟ್ಯಾಗೋರರ ಹೆಸರಿನದೇ ಕಡಲತೀರವಿರುವ ಊರಿಗೆ ಬಂದು ನಾವು ಮಾಡುತ್ತಿರುವುದೂ ಒಂದು ಸನ್ಯಾಸ ತಾನೇ? ಎರಡು ರಾತ್ರಿಯ ಸನ್ಯಾಸ. ಫಲಕದಿಂದ ಕಾಫಿ, ಬ್ಯಾಟರಿಯಿಂದ ಸಂಗೀತ, ಸೋಮವಾರ ಬೆಳಿಗ್ಗೆ ಮತ್ತೆ ಗ್ರಿಡ್‌ಗೆ. ಹಂಗು ಹರಿದವರಿಗೆ ಮರಳಲು ಒಂದು ಗ್ರಿಡ್ ಇದೆ, ಅದಕ್ಕೇ ಆ ಬಿಡುಗಡೆ ಅಷ್ಟು ಚಂದ.

ನಮ್ಮ ಸಾಹಿತ್ಯ ವಲಯವನ್ನೂ ಬಿಡುವಂತಿಲ್ಲ. ಈ ಪತ್ರಿಕೆಯನ್ನು ಓದುವ ನಾವೆಲ್ಲ ಕತ್ತಲೆಯ ಮೇಲೆ ಎಷ್ಟು ಮೋಹ ಬೆಳೆಸಿಕೊಂಡಿದ್ದೇವೆ! ಚಿಮಣಿ ದೀಪದ ಬಾಲ್ಯ, ಕರೆಂಟಿಲ್ಲದ ಅಜ್ಜಿಮನೆ, ಮಳೆಯ ರಾತ್ರಿಯ ಕಥೆಗಳು. ಪ್ರತಿ ಜೂನಿನಲ್ಲೂ ಇಂಥ ಪ್ರಬಂಧಗಳು ಬರುತ್ತವೆ, ನಾವು ಮೆಚ್ಚುತ್ತೇವೆ. ಬರೆದವರ ನೆನಪು ಸುಳ್ಳಲ್ಲ. ಆದರೆ ಅವರು ಬರೆಯುತ್ತಿರುವುದು ಯುಪಿಎಸ್ ಇರುವ ಮನೆಯಿಂದ. ಹಾಲಕ್ಕಿ ಹಾಡನ್ನು ಸಂಗ್ರಹಿಸಲು ಹೋಗುವ ನನ್ನಂಥವರೂ ಹಾಡಿನಷ್ಟೇ ಆಸಕ್ತಿಯಿಂದ ಆ ಅಂಗಳದ ಮಿಣುಕು ಬೆಳಕನ್ನು ಫೋಟೋ ತೆಗೆಯುತ್ತೇವೆ. ಗಂಗಾವಳಿ ದಂಡೆಯ ಒಬ್ಬ ಹೆಂಗಸಿಗೆ ನಾನು, ಕರೆಂಟು ಹೋದ ರಾತ್ರಿ ದೀಪ ಯಾತಕ್ಕೆ ಬೇಕಾಗುತ್ತದೆ ಎಂದು ಕೇಳಿದ್ದೆ. ಅಡುಗೆಗೆ, ಮಕ್ಕಳ ಓದಿಗೆ ಎಂಬ ಉತ್ತರಕ್ಕೆ ಪೆನ್ನು ಹಿಡಿದು ಕೂತಿದ್ದೆ. ಅವರು ಹೇಳಿದ್ದು ಇಷ್ಟೇ: "ಹೊಳೆ ಎಲ್ಲಿವರಿಗೆ ಬಂತು ಅಂತ ನೋಡೂಕೆ, ತಂಗೀ." ಕತ್ತಲೆಯ ಸೌಂದರ್ಯದ ಬಗ್ಗೆ ಬರೆಯುವ ಮೊದಲು ಈ ವಾಕ್ಯವನ್ನು ದಾಟಿ ಹೋಗಬೇಕು. ನನಗೆ ಈವರೆಗೆ ಸಾಧ್ಯವಾಗಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮೂರುಗಳಲ್ಲಿ ಮದುವೆಗೆ ಬೇಕಾದ ದೊಡ್ಡ ಪಾತ್ರೆ, ಹಂಡೆ, ಕೊಪ್ಪರಿಗೆಗಳನ್ನು ಯಾರೂ ಮನೆಗೊಂದು ಇಟ್ಟುಕೊಳ್ಳುವುದಿಲ್ಲ. ದೇವಸ್ಥಾನದಲ್ಲೋ ಯುವಕ ಸಂಘದಲ್ಲೋ ಇರುತ್ತವೆ. ಬರೆಸಿ ತರುತ್ತೇವೆ, ಬೆಳಗಿ ಮರಳಿಸುತ್ತೇವೆ. ವರ್ಷಕ್ಕೆ ಮೂರು ದಿನ ಬೇಕಾಗುವ ದುಬಾರಿ ವಸ್ತುವನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಬುದ್ಧಿ ನಮಗೆ ಹಿಂದಿನಿಂದಲೂ ಇದೆ. ಮಡಚುವ ಫಲಕ ಅಂಥದೇ ಕೊಪ್ಪರಿಗೆ.

ಇಡಲು ಜಾಗವೂ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಕೊಟ್ಟು ತೆಗೆದುಕೊಳ್ಳುವ ಪುಸ್ತಕವಿದೆ, ಸದಸ್ಯರ ಪಟ್ಟಿಯಿದೆ, ಜವಾಬ್ದಾರಿಯ ಒಬ್ಬ ಮೇಲ್ವಿಚಾರಕರಿದ್ದಾರೆ. ನದಿದಂಡೆಯ ಮತ್ತು ಕಡಲಂಚಿನ ಪ್ರತಿ ಪಂಚಾಯಿತಿಯ ಅರಿವು ಕೇಂದ್ರಕ್ಕೆ 100 ವ್ಯಾಟ್‌ನ ಎರಡು ಮಡಚುವ ಫಲಕ, 1000 ವ್ಯಾಟ್-ತಾಸಿನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೆಟ್ಟಿಗೆ, ಇಪ್ಪತ್ತು ಚಾರ್ಜಿಂಗ್ ದೀಪ. ಇಷ್ಟು ಸಾಕು ಶುರುಮಾಡಲು. ಈ ಜಾತಿಯ ಬ್ಯಾಟರಿ ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಬೆಂಕಿಯ ಭಯ ಕಡಿಮೆ ಇರುವಂಥದು, ಎರಡು ಮೂರು ಸಾವಿರ ಸಲ ತುಂಬಿ ಖಾಲಿ ಮಾಡಿದರೂ ತಡೆಯುತ್ತದೆ. ಹಣ ವಿಪತ್ತು ನಿರ್ವಹಣೆಯ ಲೆಕ್ಕದಿಂದ ಬರಲಿ. ಈ ಜಿಲ್ಲೆಯಿಂದ ಕರೆಂಟು ಒಯ್ಯುವ ಸಂಸ್ಥೆಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದಲೂ ಬರಲಿ. ಅದನ್ನು ದಾನವೆಂದು ಕರೆಯುವುದು ಬೇಡ, ಬಾಕಿ ಎನ್ನೋಣ.

ಮಳೆಯಲ್ಲಿ ಸೌರ ಫಲಕ ಏನು ಮಾಡೀತು ಎಂದು ನಗುವವರಿದ್ದಾರೆ. ಲೆಕ್ಕ ಹಾಕೋಣ. ಮೊದಲೇ ತುಂಬಿಸಿಟ್ಟ ಆ ಪೆಟ್ಟಿಗೆಯಲ್ಲಿ ಸೋರಿಕೆ ಕಳೆದು 850 ವ್ಯಾಟ್-ತಾಸು ಕೈಗೆ ಸಿಗುತ್ತದೆ. ಒಂದು ಫೋನಿಗೆ 25 ಎಂದು ಹಿಡಿದರೂ 34 ಫೋನು. ಅಥವಾ ಮೂರು ವ್ಯಾಟ್‌ನ ಹತ್ತು ದೀಪ ರಾತ್ರಿಗೆ ಎಂಟು ತಾಸಿನಂತೆ ಮೂರು ರಾತ್ರಿ ಉರಿದೂ ಐದು ಫೋನಿಗೆ ಮಿಗುತ್ತದೆ. ಈ ಮೂರು ದಿನಕ್ಕೆ ಸೂರ್ಯನ ಅಗತ್ಯವೇ ಇಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಗೋಡೆಯ ಪ್ಲಗ್ಗಿನಿಂದಲೇ ತುಂಬಿಸಿಡಬಹುದು. ಫಲಕ ಬೇಕಾಗುವುದು ನಾಲ್ಕನೆಯ ದಿನದಿಂದ. ಮೋಡದಡಿ ಎರಡೂ ಫಲಕ ಸೇರಿ ದಿನಕ್ಕೆ 240 ವ್ಯಾಟ್-ತಾಸು ಕೊಟ್ಟರೂ ಅದು ಒಂಬತ್ತು ಫೋನು. ನಗರದಲ್ಲಿ ಒಂಬತ್ತು ಫೋನು ಒಂದು ಮನೆಯ ಸಾಮಾನು. ರಸ್ತೆ ಮುಚ್ಚಿದ ಊರಿನಲ್ಲಿ ಒಂಬತ್ತು ಫೋನು ಎಂದರೆ ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯ, ದೋಣಿಯವರು, ಲೈನ್‌ಮನ್, ಹೆರಿಗೆ ಹತ್ತಿರವಾದ ಇಬ್ಬರ ಮನೆ, ಮತ್ತೆ ಮೂರು. ಫಲಕ ಚಾವಣಿಗೆ ಕಚ್ಚಿಕೊಂಡಿರದ ಕಾರಣ ಊರು ಏಳಬೇಕಾಗಿ ಬಂದರೆ ಅದೂ ಕಾಳಜಿ ಕೇಂದ್ರಕ್ಕೆ ಎದ್ದು ಬರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪಂಚಾಯಿತಿ ಹಾಕಿಸಿದ ಸೌರ ಬೀದಿದೀಪಗಳ ಗತಿ ನೋಡಿಲ್ಲವೇ? ಬ್ಯಾಟರಿ ಸತ್ತು, ಕಂಬ ಮಾತ್ರ ಬಳ್ಳಿ ಹಬ್ಬಲು ನಿಂತಿದೆ. ನಿಜ. ಆದರೆ ಅವು ಸತ್ತದ್ದು ಯಾರ ಕೈಗೂ ಸೇರದೆ ಇದ್ದುದರಿಂದ. ಕಂಬದ ತುದಿಯ ಬ್ಯಾಟರಿಯನ್ನು ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ಬಳಸುವ ವಸ್ತು ಬದುಕುತ್ತದೆ, ಕಾದಿಟ್ಟ ವಸ್ತು ಸಾಯುತ್ತದೆ. ಆದ್ದರಿಂದ ನಿಯಮ ಹೀಗಿರಲಿ: ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಊರು ಬಿಟ್ಟು ಹೋಗುವಂತಿಲ್ಲ. ಉಳಿದ ಏಳು ತಿಂಗಳು ಕಡ ಸಿಗಲಿ. ಯಕ್ಷಗಾನದ ಬಯಲಿಗೆ, ಶಾಲೆಯ ಪ್ರವಾಸಕ್ಕೆ, ಗದ್ದೆಯ ಮಾಳಕ್ಕೆ, ನನ್ನಂಥ ಸಂಶೋಧಕರಿಗೆ. ಟೆಂಟು ಹಾಕಲು ಬರುವವರಿಗೂ ಸಿಗಲಿ, ಆದರೆ ಬಾಡಿಗೆಗೆ. ಸ್ವಾತಂತ್ರ್ಯ ಅನುಭವಿಸಲು ಬರುವವರು ಎರಡು ರಾತ್ರಿಗೆ ಪಂಚಾಯಿತಿಗೆ ಕೊಡುವ ಹಣ ಮುಂದಿನ ಬ್ಯಾಟರಿಯ ಗಂಟಾಗುತ್ತದೆ. ಉಸ್ತುವಾರಿ ಸ್ತ್ರೀಶಕ್ತಿ ಸಂಘಕ್ಕೆ ಕೊಡಿ. ಸಾಲದ ಒಂದು ಕಂತು ತಪ್ಪದಂತೆ ಪುಸ್ತಕ ಇಡುವವರಿಗೆ ಒಂದು ಪೆಟ್ಟಿಗೆಯ ಲೆಕ್ಕ ದೊಡ್ಡದಲ್ಲ.

ಇದು ಕನಸಿನ ಮಾತಲ್ಲ. ಸೌರ ದೀಪವನ್ನು ಬಡವರ ಮನೆಗೆ ತಲುಪಿಸುವುದನ್ನು ಕರ್ನಾಟಕ ಮೂರು ದಶಕದ ಹಿಂದೆಯೇ ಮಾಡಿ ತೋರಿಸಿದೆ. 1995ರಲ್ಲಿ ಶುರುವಾದ ಸೆಲ್ಕೋ, ಗ್ರಾಮೀಣ ಬ್ಯಾಂಕುಗಳ ಸಾಲ ಮತ್ತು ಹತ್ತಿರದಲ್ಲೇ ಸಿಗುವ ರಿಪೇರಿಯವನು, ಈ ಎರಡನ್ನೂ ದೀಪದ ಜೊತೆಗೇ ಕೊಟ್ಟಿತು. ಅದರ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಡಲಾಚೆ ನೋಡುವುದಾದರೆ, 2017ರ ಸೆಪ್ಟೆಂಬರ್‌ನಲ್ಲಿ ಮಾರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಗ್ರಿಡ್ಡನ್ನೇ ನೆಲಕ್ಕೆ ಕೆಡವಿತು. ಕೆಲವು ಊರುಗಳಿಗೆ ಕರೆಂಟು ಮರಳಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಅಲ್ಲಿನ ಅದ್ಜುಂತಾಸ್ ಎಂಬ ಗುಡ್ಡದ ಊರಿನಲ್ಲಿ ಕಾಸಾ ಪುವೆಬ್ಲೊ ಎಂಬ ಜನರ ಸಂಸ್ಥೆಯೊಂದು 1999ರಿಂದಲೇ ಬಿಸಿಲಿನಿಂದ ನಡೆಯುತ್ತಿತ್ತು. ಊರವರು ಫೋನು ಚಾರ್ಜ್ ಮಾಡಲು, ಉಸಿರಾಟದ ಯಂತ್ರ ನಡೆಸಲು ಅಲ್ಲಿಗೇ ಬಂದರು. ಸಂಸ್ಥೆ ಸಾವಿರಾರು ಸೌರ ಲಾಟೀನು ಹಂಚಿತು. ಆ ಊರನ್ನು ಕಾದದ್ದು ಎಲ್ಲರೂ ಬರಬಹುದಾದ ಒಂದು ಬಾಗಿಲು.

ಅಂಕೋಲೆಗೆ ಇಂಥ ಬಾಗಿಲಿನ ನೆನಪಿದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿದರು. ಪಕ್ಕದ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಬಿಸಿಲು ಆಗಲೂ ಉಪ್ಪು ಮಾಡುತ್ತಿತ್ತು, ಈಗಲೂ ಮಾಡುತ್ತಿದೆ. ಉಪ್ಪು ದುಬಾರಿಯೆಂದು ಮನೆಮನೆಯಲ್ಲಿ ಗುಟ್ಟಾಗಿ ಉಪ್ಪು ಮಾಡಿಕೊಂಡಿದ್ದರೆ ಅದು ಚಳವಳಿ ಆಗುತ್ತಿರಲಿಲ್ಲ, ಒಂದು ಮನೆಯ ಉಳಿತಾಯ ಆಗುತ್ತಿತ್ತು. ಕಡಲೂ ಬಿಸಿಲೂ ಎಲ್ಲರದು ಎಂದು ಎಲ್ಲರೆದುರು ಹೇಳಿದ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರಿದೆ.

ಕಾರವಾರ, ಅಂಕೋಲೆಯ ಕಾಲೇಜುಗಳಲ್ಲಿ ಓದುತ್ತಿರುವವರು, ಈ ಊರುಗಳಿಂದ ಎದ್ದು ಬೇರೆಡೆ ಓದುತ್ತಿರುವವರು ಈ ಪತ್ರಿಕೆಯ ಓದುಗರಲ್ಲಿ ಇದ್ದೀರಿ. ಮಳೆಗಾಲದ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ನಡೆದಾಗ ಹೋಗಿ. ಕವಿತೆ ಓದುವುದು ಬೇಡ. ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ಕರೆಂಟು ಹೋದ ಮೊದಲ ಮೂರು ರಾತ್ರಿಗೆ ನಮ್ಮ ಊರಿನ ಹತ್ತಿರ ಏನಿದೆ? ನಮ್ಮ ಅರಿವು ಕೇಂದ್ರಕ್ಕೆ ಫಲಕ ಮತ್ತು ಬ್ಯಾಟರಿ ಯಾವ ತಿಂಗಳು ಬರುತ್ತದೆ? ಅದರ ಕೀಲಿ ಯಾರ ಹತ್ತಿರ ಇರುತ್ತದೆ? ಉತ್ತರ ಏನೇ ಬರಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.